‘ಮಾವಂಗೆ ಮುತ್ತು ಕೊಡು’ ಅಂದಾಗ ಮಗು ಓಡಿಹೋದರೆ

ಪ್ರಶ್ನೆ: ಮಗಳಿಗೆ ಆರು ವರ್ಷ, ಮಗನಿಗೆ ನಾಲ್ಕು. ನಮ್ಮದು ಕೂಡು ಕುಟುಂಬ. ಶಾಲೆಯಲ್ಲಿ ‘ಗುಡ್ ಟಚ್, ಬ್ಯಾಡ್ ಟಚ್’ ಹೇಳಿಕೊಟ್ಟಿದ್ದಾರೆ. ಆದರೆ ಯಜಮಾನರ ಕಡೆಯ ನೆಂಟರೊಬ್ಬರು ಬಂದಾಗಲೆಲ್ಲ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ‘ಮಾವಂಗೆ ಮುತ್ತು ಕೊಡು, ಚಾಕೊಲೇಟ್ ಕೊಡ್ತೀನಿ’ ಅನ್ನುತ್ತಾರೆ. ಅವಳು ಬಿಡಿಸಿಕೊಂಡು ಅಡುಗೆಮನೆಗೆ ಓಡಿ ಬರುತ್ತಾಳೆ. ಅತ್ತೆ ‘ಮಗೂಗೆ ಮರ್ಯಾದೆ ಕಲಿಸಿಲ್ಲ’ ಅಂತ ನನ್ನನ್ನೇ ಬೈಯುತ್ತಾರೆ. ಅವರು ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅವರ ಮನಸ್ಸಿನಲ್ಲಿ ಏನಿದೆ ಅಂತ ನೀವು ಈಗಲೇ ತೀರ್ಮಾನ ಮಾಡಬೇಕಾಗಿಲ್ಲ. ಮಗಳಿಗೆ ಬೇಡ, ಅಷ್ಟು ಸಾಕು. ಮುಂದಿನ ಸಲ ಎಲ್ಲರ ಎದುರಿಗೇ ‘ಅವಳಿಗೆ ಮುತ್ತುಗಿತ್ತು ಇಷ್ಟ ಇಲ್ಲ, ನಮಸ್ಕಾರ ಮಾಡ್ತಾಳೆ ಬಿಡಿ’ ಅಂತ ಹೇಳಿ. ಯಜಮಾನರೇ ಹೇಳಿದರೆ ಇನ್ನೂ ಒಳ್ಳೆಯದು. ಸೊಸೆ ಹೇಳಿದರೆ ಅದು ಬೇರೆಯದೇ ಜಗಳವಾಗುತ್ತದೆ, ಅಲ್ವಾ? ಅವರೊಬ್ಬರ ಜೊತೆ ಮಕ್ಕಳನ್ನು ಬಿಟ್ಟು ಹೋಗಬೇಡಿ. ಬೇಡ ಅಂದ ಮೇಲೂ ಎಳೆದು ಕೂರಿಸಿಕೊಳ್ಳುತ್ತಿದ್ದರೆ ಸಂಕೋಚ ಬಿಟ್ಟು ತಡೆಯಿರಿ.

ಶಾಲೆಯ ಪಾಠ ಮನೆಯಲ್ಲಿ ಸೋಲುವುದು ಇಲ್ಲೇ. ‘ನಿನ್ನ ಮೈ ನಿನ್ನದು, ಬೇಡ ಅನ್ನು’ ಅಂತ ಟೀಚರ್ ಹೇಳುತ್ತಾರೆ. ಮನೆಯಲ್ಲಿ ಬೇಡ ಅಂದರೆ ಬೈಗುಳ. ಮಗು ಯಾವುದನ್ನು ನಂಬಬೇಕು?

‘ಬ್ಯಾಡ್ ಟಚ್’ ಅನ್ನುವುದರಲ್ಲೂ ಒಂದು ತೊಡಕಿದೆ. ಬ್ಯಾಡ್ ಅಂದರೆ ನೋವಾಗುವುದು ಅಂತ ಎಷ್ಟೋ ಮಕ್ಕಳು ಅಂದುಕೊಂಡಿರುತ್ತಾರೆ. ಕೆಟ್ಟ ಉದ್ದೇಶದವನು ಮೊದಲ ದಿನವೇ ನೋಯಿಸುವುದಿಲ್ಲ. ಕಚಗುಳಿ ಇಡುತ್ತಾನೆ, ಆಟ ಆಡಿಸುತ್ತಾನೆ, ತಿಂಡಿ ಕೊಡುತ್ತಾನೆ. ಹಾಗಾಗಿ ಮಗುವಿಗೆ ಸುಲಭದ ನಿಯಮ ಕೊಡಿ. ಚಡ್ಡಿ, ಬನಿಯನ್ ಮುಚ್ಚುವ ಜಾಗವನ್ನು ಯಾರೂ ಮುಟ್ಟುವ ಹಾಗಿಲ್ಲ, ನೋಡುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. ತಮ್ಮದನ್ನು ಮುಟ್ಟು ಅನ್ನುವ ಹಾಗೂ ಇಲ್ಲ. ಸ್ನಾನ ಮಾಡಿಸುವ ಅಮ್ಮ, ಅಮ್ಮನ ಎದುರಿಗೆ ನೋಡುವ ಡಾಕ್ಟರು, ಇಷ್ಟಕ್ಕೆ ಮಾತ್ರ ವಿನಾಯಿತಿ. ‘ಅಮ್ಮಂಗೆ ಹೇಳಬೇಡ’ ಅಂತ ಯಾರಾದರೂ ಅಂದರೆ, ಅದನ್ನೇ ಮೊದಲು ಬಂದು ಹೇಳಬೇಕು.

ಆ ಜಾಗಗಳಿಗೆ ಹೆಸರೂ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಅದು ‘ಶೇಮ್ ಶೇಮ್’. ಬರಿಮೈಲಿ ಓಡುವ ಮಗುವಿಗೆ ದಿನಾ ‘ಛೀ, ಶೇಮ್ ಶೇಮ್’ ಅಂದು ನಗುತ್ತೇವೆ. ನಾಳೆ ಅಲ್ಲೇ ಏನಾದರೂ ಆದರೆ ಮಗು ಯಾವ ಬಾಯಲ್ಲಿ ಹೇಳಬೇಕು? ನಿಮ್ಮ ಮನೆಯಲ್ಲಿ ಬಳಸುವ ಯಾವುದಾದರೂ ನೇರ ಪದ ಕಲಿಸಿ. ಮುಜುಗರ ನಮ್ಮದು, ಮಗುವಿನದಲ್ಲ.

ಈಗ ಆ ಓಟದ ವಿಷಯ. ಮೀಸೆ ಚುಚ್ಚುವುದೂ ಕಾರಣ ಇರಬಹುದು, ಬೇರೆಯದೂ ಇರಬಹುದು. ಜಡೆ ಹಾಕುವಾಗ ಸುಮ್ನೆ ಕೇಳಿ: ‘ಆ ಮಾವ ಬಂದ್ರೆ ನಿಂಗೆ ಹೇಗನ್ಸುತ್ತೆ?’ ಆಗ ಮುಖ ನೋಡಬೇಕಾಗಿಲ್ಲ, ಮಾತು ಸಲೀಸಾಗಿ ಬರುತ್ತದೆ. ಕೇಳಿ ಸುಮ್ಮನಿರಿ. ‘ಅಲ್ಲಿ ಮುಟ್ಟಿದ್ರಾ, ಹೀಗೆ ಮಾಡಿದ್ರಾ’ ಅಂತ ಉತ್ತರವನ್ನು ನೀವೇ ಬಾಯಿಗೆ ಇಡಬೇಡಿ. ಏನಾದರೂ ಹೇಳಿದರೆ ‘ಆವಾಗ್ಲೇ ಯಾಕೆ ಹೇಳ್ಲಿಲ್ಲ?’ ಅನ್ನಲೇಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಿನ್ನ ತಪ್ಪೇನಿಲ್ಲ’ ಅನ್ನಿ. ಅವಳ ಮಾತನ್ನು ಹಾಗೇ ಬರೆದಿಡಿ. ಮನೆಮಂದಿಯೆಲ್ಲ ಮತ್ತೆ ಮತ್ತೆ ಕೇಳಿ ಹಿಂಸೆ ಮಾಡುವುದು ಬೇಡ.

ಅಂಥದ್ದೇನಾದರೂ ಹೊರಬಂದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳ ಸಹಾಯವಾಣಿ. ತುರ್ತಾದರೆ 112. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಇಂಥ ಅಪರಾಧ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು. ಮನೆಯೊಳಗೇ ಮುಚ್ಚಿಹಾಕುವ ಹಾಗಿಲ್ಲ. ಠಾಣೆ ಅಂದರೆ ಹೆದರಬೇಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಹಾಕಿರಬಾರದು. ಮಗುವಿನ ಹೆಸರನ್ನು ಪತ್ರಿಕೆ, ಟಿವಿಯವರು ಹೊರಗೆ ಹಾಕುವಂತಿಲ್ಲ.

ಮಗನ ವಯಸ್ಸನ್ನೂ ಬರೆದಿದ್ದೀರಿ, ಆದರೆ ಪ್ರಶ್ನೆಯೆಲ್ಲ ಮಗಳ ಬಗ್ಗೆಯೇ. ಪೋಕ್ಸೊ ಹುಡುಗ, ಹುಡುಗಿ ಅಂತ ಭೇದ ಮಾಡಿಲ್ಲ. 18 ತುಂಬದವರೆಲ್ಲ ಅದರ ಲೆಕ್ಕದಲ್ಲಿ ಮಕ್ಕಳೇ. ಗಂಡು ಮಗು, ಏನಾಗುತ್ತೆ ಬಿಡು ಅಂತ ಬಿಟ್ಟ ಮನೆಗಳಿಂದ ನನ್ನ ಹತ್ತಿರ ಬಂದ ಹುಡುಗರಿದ್ದಾರೆ. ಅಕ್ಕನಿಗೆ ಹೇಳಿಕೊಡುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.