ಓದುಗರ ಪ್ರಶ್ನೆ: ನಮ್ಮ ಎಂಪಿ ಪಿಂಚಣಿಗೆ ಯಾವ ಕಡೆ ಮತ ಹಾಕಿದರು?

ಪ್ರಶ್ನೆ: ನನ್ನ ಗಂಡ ಸೈನ್ಯದಲ್ಲಿದ್ದರು. ಈಗ ನನಗೆ ಕುಟುಂಬ ಪಿಂಚಣಿ ಬರುತ್ತಿದೆ. ಚುನಾವಣೆ ಬಂತೆಂದರೆ ಒಬ್ಬರು ‘ಒಂದು ಹುದ್ದೆ ಒಂದು ಪಿಂಚಣಿಗೆ ಮತ ಹಾಕಿದ್ದು ನಾವು’ ಎನ್ನುತ್ತಾರೆ. ಇನ್ನೊಬ್ಬರು ‘ಅವರು ವಿರುದ್ಧ ಮತ ಹಾಕಿದವರು’ ಎನ್ನುತ್ತಾರೆ. ಯಾರದ್ದು ನಿಜ? ನೋಡುವುದು ಹೇಗೆ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಇಬ್ಬರ ಮಾತೂ ನಿಲ್ಲುವುದಿಲ್ಲ. ಒಂದು ಹುದ್ದೆ ಒಂದು ಪಿಂಚಣಿ ಎಂದರೆ, ಒಂದೇ ಹುದ್ದೆಯಲ್ಲಿ ಒಂದೇ ಅವಧಿ ಸೇವೆ ಮಾಡಿದ ಸೈನಿಕರಿಗೆ, ಯಾವ ವರ್ಷ ನಿವೃತ್ತರಾದರೂ ಒಂದೇ ಪಿಂಚಣಿ. ಅದು ಜಾರಿಯಾದದ್ದು ಮಸೂದೆಯಿಂದ ಅಲ್ಲ. ಅದು ರಕ್ಷಣಾ ಸಚಿವಾಲಯ 2015ರ ನವೆಂಬರ್ 7ರಂದು ಹೊರಡಿಸಿದ ಆದೇಶ. 2014ರ ಜುಲೈ 1ರಿಂದ ಲೆಕ್ಕ. ಸದನದ ಮುಂದೆ ಆ ಆದೇಶವನ್ನು ಮತಕ್ಕೇ ಹಾಕಿಲ್ಲ ಎಂದ ಮೇಲೆ ಪರವೆಲ್ಲಿ, ವಿರುದ್ಧವೆಲ್ಲಿ?

ಸಂಸತ್ತಿನಲ್ಲಿ ಮತಕ್ಕೆ ಬರುವುದು ದುಡ್ಡಿನ ವಿಷಯ. ಸೈನ್ಯದ ಪಿಂಚಣಿಗೆ ಬಜೆಟ್‌ನಲ್ಲಿ ಬೇರೆಯೇ ಬೇಡಿಕೆ (ಇಷ್ಟು ಹಣ ಬೇಕು ಎಂದು ಸರ್ಕಾರ ಸದನದ ಮುಂದಿಡುವ ಕೋರಿಕೆ) ಇರುತ್ತದೆ. ಆದರೆ ಅದು ಹೆಚ್ಚಾಗಿ ಪಾಸಾಗುವುದು ಧ್ವನಿಮತದಲ್ಲಿ. ‘ಹೌದು’ ಎಂದವರ ದನಿ ಜೋರಾಗಿದೆ ಎಂದು ಸ್ಪೀಕರ್ ಹೇಳಿದರೆ ಮುಗಿಯಿತು. ಯಾರು ಏನೆಂದರು ಎಂಬ ಪಟ್ಟಿ ಇಲ್ಲ. ಸಮಯ ಸಾಲದಿದ್ದರೆ ಚರ್ಚೆಯಾಗದ ಬೇಡಿಕೆಗಳನ್ನೆಲ್ಲ ಕೊನೆಯ ದಿನ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಗಿಲೋಟಿನ್ ಅಂತಾರಲ್ಲ, ಅದೇ. ಸಾವಿರಾರು ಕೋಟಿಯ ಪಿಂಚಣಿ ಹಣ ಒಂದು ಮಾತೂ ಇಲ್ಲದೆ ಹಾಗೆ ಪಾಸಾದರೆ ನನಗೆ ಬೇಸರವಾಗುತ್ತದೆ.

ಯಾರಾದರೂ ಸದಸ್ಯರು ಧ್ವನಿಮತವನ್ನು ಒಪ್ಪದೆ ಡಿವಿಷನ್ (ಮತಗಳ ಎಣಿಕೆ) ಕೇಳಿದರೆ ಮಾತ್ರ ಹೆಸರುಗಳು ದಾಖಲಾಗುತ್ತವೆ. ಆ ಪಟ್ಟಿ ಸದನದ ನಡಾವಳಿಯಲ್ಲಿ ಸಿಗುತ್ತದೆ. ಆದರೆ ಅದನ್ನೂ ಜಾಗ್ರತೆಯಿಂದ ಓದಬೇಕು. 1985ರಲ್ಲಿ ಪಕ್ಷಾಂತರ ತಡೆ ಕಾನೂನು ಬಂದ ಮೇಲೆ, ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದವರ ಸೀಟೇ ಹೋಗಬಹುದು. ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಉಳಿಯುತ್ತದೆ. ಹಾಗಾಗಿ ಆ ಮತ ಎಂಪಿಯದ್ದು ಅನ್ನುವುದಕ್ಕಿಂತ ಜಾಸ್ತಿ ಪಕ್ಷದ್ದು.

ಹಾಗಾದರೆ ನೋಡುವುದೇನನ್ನು? ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು. ಕಾಗದವನ್ನು ನಂಬುತ್ತೇನೆ. ಎಂಪಿ ಕೇಳಿದ ಪ್ರಶ್ನೆಗಳನ್ನು ನೋಡಿ. ಪ್ರಶ್ನೆ ಕೇಳಲು ವಿಪ್ ಅಡ್ಡ ಬರುವುದಿಲ್ಲ. ಯಾರ ಹೆಸರಲ್ಲಿ, ಯಾವ ದಿನ, ಏನು ಕೇಳಿದರು, ಸಚಿವರು ಏನು ಉತ್ತರಿಸಿದರು, ಎಲ್ಲ ಸಂಸತ್ತಿನ ವೆಬ್‌ಸೈಟ್‌ನಲ್ಲಿದೆ. ಸದಸ್ಯರ ಹೆಸರು, ಸಚಿವಾಲಯದ ಹೆಸರು ಆರಿಸಿ ಹುಡುಕಿದರೆ ಸಾಕು. ಮೊಬೈಲಲ್ಲೇ ಆಗುತ್ತದೆ, ಮನೆಯ ಮಕ್ಕಳಿಗೆ ಹೇಳಿ. ಶೂನ್ಯವೇಳೆಯಲ್ಲಿ (ಸದನದಲ್ಲಿ ತುರ್ತು ವಿಷಯ ಎತ್ತುವ ಸಮಯ) ಎತ್ತಿದ ವಿಷಯ, ಪಿಂಚಣಿ ಬೇಡಿಕೆಯ ಮೇಲೆ ಕೊಟ್ಟ ಕಡಿತ ಸೂಚನೆ ಇದ್ದರೆ ಅದನ್ನೂ ನೋಡಿ. 100 ರೂಪಾಯಿ ಕಡಿಮೆ ಮಾಡಿ ಎಂಬ ಕಡಿತ ಸೂಚನೆ ಕಂಡು ‘ಪಿಂಚಣಿ ಕಡಿತಕ್ಕೆ ಹೊರಟರು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದು ದೂರನ್ನು ಸದನದ ಮುಂದಿಡುವ ದಾರಿ, ಅಷ್ಟೇ.

ಇನ್ನು ಭಾಷಣದಲ್ಲಿ ‘ಕೊಟ್ಟೆವು’ ಅಂದರಲ್ಲ, ಕೊಟ್ಟದ್ದು ಯಾವುದನ್ನು ಎಂದು ಕೇಳಲೇಬೇಕು. ಕೋಶ್ಯಾರಿ ಸಮಿತಿ (ರಾಜ್ಯಸಭೆಯ ಅರ್ಜಿಗಳ ಸಮಿತಿ) 2011ರಲ್ಲಿ ಹೇಳಿದ್ದು ಇದು: ಒಂದೇ ಹುದ್ದೆ, ಒಂದೇ ಸೇವಾವಧಿ ಇದ್ದರೆ ಒಂದೇ ಪಿಂಚಣಿ, ಮುಂದೆ ಏರಿಕೆಯಾದರೆ ಹಳಬರಿಗೂ ತಾನಾಗಿ ಸಿಗಬೇಕು. 2015ರ ಆದೇಶದಲ್ಲಿ ಬಂದದ್ದು 5 ವರ್ಷಕ್ಕೊಮ್ಮೆ ಪರಿಷ್ಕರಣೆ. ನಡುವಿನ ವರ್ಷಗಳಲ್ಲಿ ವ್ಯತ್ಯಾಸ ಹಾಗೇ ಉಳಿಯುತ್ತದೆ. ಮಾಜಿ ಸೈನಿಕರು ಕೋರ್ಟಿಗೆ ಹೋದರು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು. ಆದರೆ 2019ರ ಜುಲೈ 1ರಿಂದ ಪಿಂಚಣಿ ಪರಿಷ್ಕರಿಸಿ ಬಾಕಿ ಕೊಡಿ ಎಂದೂ ಹೇಳಿತು. ಆ ಬಾಕಿಯನ್ನು ಸರ್ಕಾರ 4 ಕಂತಿನಲ್ಲಿ ಕೊಡಲು ಹೊರಟಿತು. 2023ರ ಮಾರ್ಚ್ 20ರಂದು ಕೋರ್ಟೇ ಗಡುವು ಹಾಕಿತು. ಕುಟುಂಬ ಪಿಂಚಣಿದಾರರಿಗೆ ಏಪ್ರಿಲ್ 30ರೊಳಗೆ ಒಂದೇ ಕಂತಿನಲ್ಲಿ, 70 ದಾಟಿದವರಿಗೆ ಜೂನ್ 30ರೊಳಗೆ. ನಿಮಗೂ ಬಾಕಿ ಬಂದಿದ್ದರೆ ಅದರ ಹಿಂದೆ ಈ ಗಡುವು ಇದೆ. ‘ಬಾಕಿ ಕೊಡಿಸಿದ್ದು ನಾನು’ ಎಂದು ವೇದಿಕೆಯಲ್ಲಿ ಹೇಳುವವರು ಆ ತಿಂಗಳುಗಳಲ್ಲಿ ಸದನದಲ್ಲಿ ಏನು ಕೇಳಿದ್ದರು, ಹುಡುಕಿ ನೋಡಿ.

ಒಂದು ಮಾತು. ಪ್ರಶ್ನೆಗಳ ಸಂಖ್ಯೆ ನೋಡಿ ಮರುಳಾಗಬೇಡಿ. ‘ಸರ್ಕಾರ ಏನು ಕ್ರಮ ಕೈಗೊಂಡಿದೆ’ ಎಂದು ಸುಮ್ನೆ ಕೇಳಿದರೆ ಉತ್ತರವೂ ಹಾಗೇ ಬರುತ್ತದೆ. ಎಷ್ಟು ಅರ್ಜಿ ಬಾಕಿ, ಎಷ್ಟು ದಿನದಿಂದ, ಯಾವ ಕಚೇರಿಯಲ್ಲಿ ಎಂದು ಕೇಳಿದವರು ಪಿಂಚಣಿದಾರರ ಜೊತೆ ಕೂತು ಮಾತಾಡಿದವರು. ಉತ್ತರ ಬಂದ ಮೇಲೆ ಮುಂದಿನ ಅಧಿವೇಶನದಲ್ಲಿ ಅದನ್ನೇ ಹಿಡಿದು ಮತ್ತೆ ಕೇಳಿದರೆ, ಆ ಎಂಪಿ ಬೇರೆ ಪಕ್ಷದವರಾದರೂ ನಾನು ಗೌರವ ಕೊಡುತ್ತೇನೆ.

ಪ್ರಶ್ನೆ: ಇದನ್ನೆಲ್ಲ ನಮ್ಮ ಎಂಎಲ್‌ಎಯವರಲ್ಲಿ ಕೇಳಬಹುದಾ?
– ಓದುಗರು, ಪೆರ್ಲ

ಉತ್ತರ: ಪಿಂಚಣಿ ಕೇಂದ್ರದ್ದು, ಅಲ್ಲಿ ಎಂಎಲ್‌ಎ ಕೈ ಸಾಗದು. ಆದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ರಾಜ್ಯದ ಇಲಾಖೆಗೆ ಸೇರಿದ್ದು. ಅಲ್ಲಿಯ ಸಹಾಯಧನ, ಸಿಬ್ಬಂದಿ, ವಿಳಂಬದ ಬಗ್ಗೆ ಅವರು ವಿಧಾನಸಭೆಯಲ್ಲಿ ಕೇಳಬಹುದು. ಕೇಳಲೇಬೇಕು.

ಪ್ರಶ್ನೆ: ನನಗೆ ಮಲಯಾಳ ಬರೆಯಲು ಬಾರದು. ಕನ್ನಡದಲ್ಲಿ ಅರ್ಜಿ ಕೊಟ್ಟರೆ ತಗೊಳ್ತಾರಾ?
– ಓದುಗರು, ಮುಳ್ಳೇರಿಯ

ಉತ್ತರ: ತಗೊಳ್ಳಲೇಬೇಕು. ಸಂವಿಧಾನದ 350ನೇ ವಿಧಿ ಪ್ರಕಾರ ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ನಮ್ಮ ಅಹವಾಲು ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೂ ಕಾಸರಗೋಡಿನ ಕನ್ನಡಿಗರಿಗೆ ಸರ್ಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಲು ಅವಕಾಶವಿದೆ. ಎಂಪಿಗೆ ಬರೆಯುವಾಗಲೂ ಕನ್ನಡದಲ್ಲೇ ಬರೆಯಿರಿ. ಪಿಂಚಣಿ ಆದೇಶದ ಪ್ರತಿ ಇಟ್ಟು, ಯಾವ ತಿಂಗಳಿಂದ ಏನು ತೊಂದರೆ ಎಂದು ತಿಳಿಸಿ. ‘ಇದನ್ನು ಸದನದಲ್ಲಿ ಪ್ರಶ್ನೆಯಾಗಿ ಕೇಳಿ’ ಎಂದು ಕೊನೆಯಲ್ಲಿ ಸೇರಿಸಿ. ಸ್ವೀಕೃತಿ ಪಡೆಯಲು ಮರೆಯಬೇಡಿ.