ಚಾಸಿಸ್ ನಂಬರ್ ಹಿಡ್ಕೊಂಡು ಎಲ್ಲಿ ತನಕ ಹೋಗ್ಬಹುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಹಳೇ ಜೀಪು, ಲ್ಯಾಂಡ್ ರೋವರ್ ಬಗ್ಗೆ ಬಂದಿರೋ ಪತ್ರಗಳನ್ನೇ ಒಟ್ಟಿಗೆ ತಗೊಂಡಿದೀನಿ. ಎಲ್ಲರೂ ಕೇಳಿರೋದು ಹೆಚ್ಚುಕಮ್ಮಿ ಒಂದೇ, ನಮ್ಮ ಗಾಡಿ ಎಲ್ಲಿ ಹುಟ್ತು, ಯಾರಿಗೆ ಮಾರಾಟ ಆಯ್ತು, ಇಲ್ಲಿಗೆ ಹೇಗೆ ಬಂತು ಅಂತ.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದ ಲ್ಯಾಂಡ್ ರೋವರ್ ಇದೆ, ಇವತ್ತಿಗೂ ಸ್ಟಾರ್ಟ್ ಆಗತ್ತೆ. ಆರ್‌ಸಿಲಿ 1962 ಅಂತಿದೆ, ಚಾಸಿಸ್ ನಂಬರ್ 1420 ಅಂತ ಶುರುವಾಗತ್ತೆ. ಇಂಗ್ಲೆಂಡಿಂದ ಸೀದಾ ಮಂಗಳೂರಿಗೆ ಹಡಗಲ್ಲಿ ಬಂತು ಅಂತ ಮನೇಲಿ ಹೇಳ್ತಾರೆ. ಇದರ ದಾಖಲೆ ಎಲ್ಲಾದ್ರೂ ಸಿಗತ್ತಾ? (ಮೂಡಿಗೆರೆಯ ಓದುಗರು)

ಉತ್ತರ: ಸಿಗತ್ತೆ ಸರ್, ಈ ವಿಷಯದಲ್ಲಿ ಲ್ಯಾಂಡ್ ರೋವರ್ ಇಟ್ಕೊಂಡಿರೋರು ನಿಜಕ್ಕೂ ಪುಣ್ಯವಂತರು. ಇಂಗ್ಲೆಂಡಿನ ಸೋಲಿಹಲ್ ಊರಲ್ಲಿರೋ ಲ್ಯಾಂಡ್ ರೋವರ್ ಕಾರ್ಖಾನೆಯಿಂದ ಹೊರಬಿದ್ದ ಗಾಡಿಗಳ ಲೆಕ್ಕವನ್ನ ಲೆಡ್ಜರ್‌ನಲ್ಲಿ ಬರೆದಿಡ್ತಿದ್ರು, ಆ ಲೆಡ್ಜರ್‌ಗಳು ಹಾಳಾಗದೆ ಉಳಿದು ಈಗ ಇಂಗ್ಲೆಂಡಿನ ಗೇಡನ್‌ನಲ್ಲಿರೋ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹತ್ರ ಇವೆ. ಫೀ ಕಟ್ಟಿ ಚಾಸಿಸ್ ನಂಬರ್ ಕೊಟ್ರೆ ಹೆರಿಟೇಜ್ ಸರ್ಟಿಫಿಕೇಟ್ ಅಂತ ಕೊಡ್ತಾರೆ, ಅದರಲ್ಲಿ ಗಾಡಿ ತಯಾರಾದ ತಾರೀಕು, ಕಾರ್ಖಾನೆಯಿಂದ ಕಳಿಸಿದ ತಾರೀಕು, ಯಾವ ಡೀಲರ್‌ಗೆ ಅಥವಾ ಯಾವ ದೇಶಕ್ಕೆ ಹೋಯ್ತು, ಮೊದಲಿನ ಇಂಜಿನ್ ನಂಬರ್, ಬಣ್ಣ, ಇಷ್ಟು ಇರತ್ತೆ. ಕೊಂಡವರ ಹೆಸರು ಮಾತ್ರ ಅದರಲ್ಲಿ ನಿರೀಕ್ಷೆ ಮಾಡ್ಬೇಡಿ, ಕಾರ್ಖಾನೆಯವರಿಗೆ ಬೇಕಾಗಿದ್ದು ಡೀಲರ್ ಲೆಕ್ಕ, ಅಷ್ಟೇ.

ಸರ್ಟಿಫಿಕೇಟ್ ಬರೋಕೂ ಮುಂಚೆ ನಿಮ್ಮ ನಂಬರೇ ತುಂಬಾ ಹೇಳ್ತಿದೆ ನೋಡಿ. 1958ರಿಂದ 1961ರ ತನಕ ಬಂದ ಸೀರೀಸ್ ಟೂ ಗಾಡಿಗಳಲ್ಲಿ, 88 ಇಂಚಿನ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಳತೆ) ಪೆಟ್ರೋಲ್ ಮಾಡೆಲ್‌ಗೆ 141 ಅಂದ್ರೆ ಬ್ರಿಟನ್ನಿನಲ್ಲೇ ಮಾರೋಕೆ, 142 ಅಂದ್ರೆ ಬಲಗಡೆ ಸ್ಟೀರಿಂಗ್ ಇದ್ದು ಎಕ್ಸ್‌ಪೋರ್ಟ್‌ಗೆ, 143 ಅಂದ್ರೆ ಬಲಗಡೆ ಸ್ಟೀರಿಂಗೇ ಆದ್ರೆ ಬಿಡಿ ಭಾಗಗಳಾಗಿ ಪ್ಯಾಕ್ ಮಾಡಿ ಬೇರೆ ದೇಶದಲ್ಲಿ ಜೋಡಿಸೋಕೆ ಕಳಿಸಿದ್ದು, 144 ಮತ್ತೆ 145 ಇದೇ ಥರ ಎಡಗಡೆ ಸ್ಟೀರಿಂಗಿಂದು. ನಾಲ್ಕನೇ ಅಂಕಿ ಮಾಡೆಲ್ ವರ್ಷ, ನಿಮ್ಮದು ಸೊನ್ನೆ ಅಂದ್ರೆ 1960. ಹಾಗಾಗಿ ಪೂರ್ತಿ ತಯಾರಾಗಿ ಹೊರದೇಶಕ್ಕೆ ಅಂತಲೇ ಹೊರಟ ಗಾಡಿ ಅನ್ನೋದು ಖಾತ್ರಿ, ಈ ಮಟ್ಟಿಗೆ ಮನೆಯವರ ಮಾತು ಸರಿ ಇದೆ. 143 ಆಗಿದ್ದಿದ್ರೆ ನಿರಾಸೆ ಆಗ್ತಿತ್ತು, ಯಾಕಂದ್ರೆ ಕಿಟ್ ಆಗಿ ಹೋದ ಗಾಡಿಗಳ ಬಗ್ಗೆ ಲೆಡ್ಜರ್‌ನಲ್ಲಿ ಇರೋ ವಿವರ ಬಹಳ ಕಮ್ಮಿ.

ಇನ್ನು ಆರ್‌ಸಿಲಿರೋ 1962. ತಯಾರಾದ ತಾರೀಕು, ಕಾರ್ಖಾನೆ ಬಿಟ್ಟ ತಾರೀಕು, ಇಲ್ಲಿ ರಿಜಿಸ್ಟರ್ ಆದ ತಾರೀಕು ಈ ಮೂರೂ ಬೇರೆ ಬೇರೆ, ಇವುಗಳ ನಡುವೆ ಹಡಗಿನ ಪ್ರಯಾಣ, ಕಸ್ಟಮ್ಸ್, ಡೀಲರ್ ಗೋಡೌನು ಎಲ್ಲಾ ಬರತ್ತೆ, ಒಂದೆರಡು ವರ್ಷ ವ್ಯತ್ಯಾಸ ಬಂದ್ರೆ ಯಾರೋ ಸುಳ್ಳು ಬರೆದಿದಾರೆ ಅಂತ ಅಲ್ಲ. ಅಥವಾ ನಿಮ್ಮ ಅಜ್ಜ ಎರಡನೇ ಮಾಲೀಕರಾಗಿದ್ರೂ ಆಗಿರಬಹುದು. ಮಂಗಳೂರಿನ ಮಾತಿಗೆ ಮಾತ್ರ ಕಾಗದದ ಆಧಾರ ಹುಡುಕಿ. ಪಣಂಬೂರಿನ ಹೊಸ ಬಂದರು ಶುರುವಾಗಿದ್ದು 1970ರ ದಶಕದಲ್ಲಿ, ಅದಕ್ಕೆ ಮುಂಚೆ ದೊಡ್ಡ ಹಡಗು ದಡದಿಂದ ದೂರ ಸಮುದ್ರದಲ್ಲೇ ಲಂಗರು ಹಾಕಿ ಸರಕನ್ನ ಸಣ್ಣ ದೋಣಿಗಳಿಗೆ ಇಳಿಸ್ತಿದ್ರು. ಗಾಡಿ ಬಾಂಬೆಗೋ ಮದ್ರಾಸಿಗೋ ಬಂದಿಳಿದು ಅಲ್ಲಿಂದ ರೈಲಲ್ಲೋ ರೋಡಲ್ಲೋ ಬಂದಿರೋ ಸಾಧ್ಯತೆನೇ ನನಗೆ ಜಾಸ್ತಿ ಕಾಣತ್ತೆ. ಇದನ್ನ ಇಂಗ್ಲೆಂಡಿನ ಲೆಡ್ಜರ್ ಹೇಳಲ್ಲ. ತೋಟದ ಹಳೇ ಲೆಕ್ಕದ ಪುಸ್ತಕ, ಡೀಲರ್ ಇನ್‌ವಾಯ್ಸು, ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ, ಇನ್ಶೂರೆನ್ಸ್ ಕಾಗದ, ಇವೇ ಹೇಳ್ಬೇಕು, ಅಟ್ಟದ ಮೇಲಿರೋ ಟ್ರಂಕು ತೆಗೆಸಿ ಒಂದೊಂದೇ ಕಾಗದ ನೋಡಿ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಆರ್‌ಸಿಲಿರೋ ನಂಬರ್ ಕೈಬರಹದ್ದು, ಕಾಪಿ ಮೇಲೆ ಕಾಪಿ ಆಗಿ ಬಂದಿರತ್ತೆ, 3 ಹೋಗಿ 8 ಆಗಿರೋದು, 1 ಹೋಗಿ 7 ಆಗಿರೋದು ಮಾಮೂಲು. ಚಾಸಿಸ್ ಮೇಲೆ ಕೆತ್ತಿರೋದನ್ನೇ ಓದ್ಬೇಕು. ನಿಮ್ಮ ಗಾಡಿಯಲ್ಲಿ ಅದು ಮುಂದಿನ ಬಲಗಡೆ ಸ್ಪ್ರಿಂಗ್ ಪಟ್ಟಾ ಕೂರೋ ಬ್ರಾಕೆಟ್ ಮೇಲಿರತ್ತೆ, ಅರವತ್ತು ವರ್ಷದ ಮಣ್ಣು, ಗ್ರೀಸು, ಮೂರ್ನಾಲ್ಕು ಕೋಟ್ ಪೇಂಟಿನ ಅಡಿ. ಸೀಮೆಎಣ್ಣೆ ಹಾಕಿ ನೆನೆಯೋಕೆ ಬಿಡಿ, ಆಮೇಲೆ ಬಟ್ಟೆ, ಹಳೇ ಟೂತ್‌ಬ್ರಷ್ ಇಷ್ಟರಲ್ಲೇ ಉಜ್ಜಿ. ಗ್ರೈಂಡರ್ ಮಾತ್ರ ದಯವಿಟ್ಟು ಹತ್ರ ತರ್ಬೇಡಿ, ಅಕ್ಷರ ಕೆತ್ತಿರೋದು ತೆಳ್ಳಗೆ, ಒಂದು ಸಲ ಸವೆದ್ರೆ ಗಾಡಿ ಗುರುತೇ ಹೋಗತ್ತೆ, ಆರ್‌ಟಿಒನಲ್ಲೂ ನಂಬರ್ ತಿದ್ದಿದಾರೆ ಅನ್ನೋ ಅನುಮಾನ ಬರತ್ತೆ. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿದ್ರೆ ಅಂಕಿಗಳು ಬೆಳ್ಳಗೆ ಎದ್ದು ಕಾಣತ್ತೆ, ಇಲ್ಲಾಂದ್ರೆ ಆರ್‌ಟಿಒಗೆ ಚಾಸಿಸ್ ಪ್ರಿಂಟ್ ತೆಗೆಯೋ ಹಾಗೇ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಫೋಟೊ ತೆಗೆದು, ಆರ್‌ಸಿ ಕಾಪಿ ಜೊತೆ ಇಟ್ಕೊಂಡು ಅರ್ಜಿ ಹಾಕಿ.

ಪ್ರಶ್ನೆ: ನಮ್ಮದು ಲೋ ಬಾನೆಟ್ ಜೀಪು, ಡಿಸ್ಪೋಸಲ್‌ನಲ್ಲಿ (ಸೈನ್ಯದ ಹಳೇ ಗಾಡಿಗಳ ಹರಾಜಲ್ಲಿ) ತಗೊಂಡಿದ್ದು, ಬರ್ಮಾ ಯುದ್ಧಕ್ಕೆ ಹೋಗಿತ್ತಂತೆ. ಯಾವ ಹಡಗಲ್ಲಿ ಬಂತು ಅಂತ ಗೊತ್ತಾಗತ್ತಾ? (ಸಕಲೇಶಪುರದ ಓದುಗರು)

ಉತ್ತರ: ಹಡಗಿನ ಹೆಸರು ಸಿಗತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ. ಯುದ್ಧದ ಕಾಲದಲ್ಲಿ ವಿಲ್ಲೀಸ್ ಮತ್ತೆ ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ರು, ಅದರಲ್ಲಿ ಎಷ್ಟೋ ಜೀಪು ಚಕ್ರ ಬಿಚ್ಚಿ ಮರದ ಪೆಟ್ಟಿಗೆಯಲ್ಲಿ ಒಂದೊಂದಾಗಿ, ಎರಡೆರಡಾಗಿ ಪ್ಯಾಕ್ ಆಗಿ ಹಡಗು ಹತ್ತಿದ್ವು. ನಮ್ಮ ಕಡೆಗೆ ಬಂದ ಅಮೆರಿಕನ್ ಸಾಮಾನು, ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಭಯ ಇದ್ದಾಗ ಹೆಚ್ಚಾಗಿ ಕರಾಚಿಗೆ ಬಂತು, ಆಮೇಲಾಮೇಲೆ ಕಲ್ಕತ್ತಾಗೆ, ಅಲ್ಲಿಂದ ಅಸ್ಸಾಮಿಂದ ಬರ್ಮಾ ಕಡೆ ಹೋಗೋ ಲೇಡೋ ರೋಡಿನ ಕಡೆಗೆ. ಲ್ಯಾಂಡ್ ರೋವರ್‌ಗೆ ಸಿಗೋ ಥರ ನಂಬರ್ ಕೊಟ್ರೆ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಈ ಜೀಪುಗಳಿಗೆ ಇಲ್ಲ.

ಆದ್ರೆ ಗಾಡಿ ತಾನೇ ಮಾತಾಡತ್ತೆ. ಮೊದಲು ಅದು ಮಿಲಿಟರಿದು ಹೌದೋ ಅಲ್ವೋ ನೋಡಿ, ಯಾಕಂದ್ರೆ ಯುದ್ಧ ಮುಗಿದ ಮೇಲೆ ಸಿವಿಲಿಯನ್‌ಗೆ ಅಂತ ಬಂದ ಸಿಜೆ-2ಎ, ಸಿಜೆ-3ಎ ಕೂಡ ಲೋ ಬಾನೆಟ್ಟೇ. ಮುಂದಿನ ಗ್ರಿಲ್‌ನಲ್ಲಿ ಸೀಳು ಒಂಬತ್ತು ಇದ್ರೆ ಮಿಲಿಟರಿದು, ಏಳಿದ್ರೆ ಸಿವಿಲಿಯನ್‌ದು. ಪೆಟ್ರೋಲ್ ಹಾಕೋ ಜಾಗ ಡ್ರೈವರ್ ಸೀಟಿನ ಕೆಳಗಿದ್ರೆ ಮಿಲಿಟರಿ, ಹೊರಗಡೆಯಿಂದ ಹಾಕೋ ಹಾಗಿದ್ರೆ ಸಿವಿಲಿಯನ್. ಹಿಂದೆ ತೆಗೆಯೋ ಬಾಗಿಲಿದ್ರೆ ಅದೂ ಸಿವಿಲಿಯನ್ನೇ. ಆಮೇಲೆ ಕೆಳಗೆ ಮಲಗಿ ರೇಡಿಯೇಟರ್ ಅಡಿ ಇರೋ ಅಡ್ಡಪಟ್ಟಿ ನೋಡಿ, ದುಂಡನೆ ಪೈಪಿನ ಥರ ಇದ್ರೆ ವಿಲ್ಲೀಸ್ ಎಂಬಿ, ಚೌಕಾಕಾರದ ಚಾನಲ್ ಆಗಿದ್ರೆ ಫೋರ್ಡ್ ಜಿಪಿಡಬ್ಲ್ಯೂ. ಫೋರ್ಡ್‌ನವರು ಬೋಲ್ಟ್ ತಲೆ ಮೇಲೂ ತಮ್ಮ ಎಫ್ ಅಕ್ಷರ ಒತ್ತಿರೋರು, ಅದನ್ನ ಬೆರಳಲ್ಲಿ ಸವರಿ ನೋಡಿದಾಗ ಆಗೋ ಖುಷಿನೇ ಬೇರೆ. ಆದ್ರೆ ಒಂದೆರಡು ಬೋಲ್ಟ್ ನೋಡಿ ತೀರ್ಮಾನ ಮಾಡ್ಬೇಡಿ, ನಮ್ಮ ಗ್ಯಾರೇಜ್‌ಗಳಲ್ಲಿ ಎಂಬಿ ಜೀಪಿಗೆ ಫೋರ್ಡ್ ಸಾಮಾನು, ಅದರದ್ದು ಇದಕ್ಕೆ, ಹೀಗೆ ಹಾಕ್ತಾನೇ ಬಂದಿದಾರೆ.

ಗ್ಲೋವ್ ಬಾಕ್ಸ್ ಮೇಲಿನ ಪ್ಲೇಟು ಉಳಿದಿದ್ರೆ ಅದರಲ್ಲಿ ಸೀರಿಯಲ್ ನಂಬರ್ ಜೊತೆ ಡೆಲಿವರಿ ತಾರೀಕು ಇರತ್ತೆ, ಅದು ಸೈನ್ಯಕ್ಕೆ ಒಪ್ಪಿಸಿದ ತಾರೀಕು. ಈಗ ಹೊಸ ಪ್ಲೇಟು ಅಂಗಡಿಯಲ್ಲೇ ಸಿಗತ್ತೆ, ಆದ್ದರಿಂದ ಅದರ ನಂಬರ್ ಫ್ರೇಮಿಗೆ ತಾಳೆ ಆಗ್ಬೇಕು. ಬಾನೆಟ್ ಪಕ್ಕದ ಪೇಂಟನ್ನ ಪದರ ಪದರವಾಗಿ ಮೆಲ್ಲಗೆ ತೆಗೆಸಿದ್ರೆ 20ರಿಂದ ಶುರುವಾಗೋ ಅಮೆರಿಕನ್ ಸೈನ್ಯದ ನಂಬರ್ ಕಾಣಿಸಬಹುದು, ಅದು ಕಂಡ್ರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ, ಆ ಜಾಗಕ್ಕೆ ಹೊಸ ಪೇಂಟ್ ಹೊಡೆಸ್ಬೇಡಿ. ಬರ್ಮಾ ಕಥೆಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗೋದು ಕಷ್ಟ. ಜೊತೆಗೆ ಡಿಸ್ಪೋಸಲ್ ಹರಾಜಿನ ರಸೀದಿ ಇದ್ರೆ ಲ್ಯಾಮಿನೇಷನ್ ಮಾಡಿಸ್ಬೇಡಿ, ಸ್ಕ್ಯಾನ್ ಮಾಡಿ ಹಾಗೇ ಇಡಿ.

ಪ್ರಶ್ನೆ: ನಾನಿರೋದು ಅಮೆರಿಕದ ಮಿಷಿಗನ್‌ನಲ್ಲಿ, 1969ರ ಫೋರ್ಡ್ ಬ್ರಾಂಕೋ ತಗೋಬೇಕು ಅಂತಿದೀನಿ. ಮಾರೋರು ಒರಿಜಿನಲ್ ಅಂತಾರೆ, ನಂಬೋದು ಹೇಗೆ? (ಧಾರವಾಡ ಮೂಲದ ಓದುಗರು)

ಉತ್ತರ: ನಿಮಗೆ ದಾರಿ ಸುಲಭ ಇದೆ. 1967ರಿಂದ ಈಚೆಗಿನ ಫೋರ್ಡ್ ಗಾಡಿಗಳ ಪ್ರೊಡಕ್ಷನ್ ಡೇಟಾಬೇಸು ಫೋರ್ಡ್ ಲೈಸೆನ್ಸ್‌ನಲ್ಲೇ ಮಾರ್ಟಿ ಆಟೋ ವರ್ಕ್ಸ್ ಹತ್ರ ಇದೆ, ಅವರು ಕೊಡೋ ಮಾರ್ಟಿ ರಿಪೋರ್ಟ್‌ನಲ್ಲಿ ಕಾರ್ಖಾನೆಯಿಂದ ಬಂದಾಗ ಇದ್ದ ಬಣ್ಣ, ಇಂಜಿನ್ನು, ಆಪ್ಷನ್ನು, ಕೊನೆಗೆ ಮಾರಾಟದ ತಾರೀಕು ಕೂಡ ಸಿಗತ್ತೆ. 1966ರ ಮೊದಲ ವರ್ಷದ ಬ್ರಾಂಕೋ ಆಗಿದ್ರೆ ಅದಕ್ಕೆ ಸಿಗ್ತಿರಲಿಲ್ಲ. ಅಡ್ವಾನ್ಸ್ ಕೊಡೋಕೆ ಮುಂಚೆ ತರಿಸಿ. ಮುಂದೆ ಯಾವತ್ತಾದ್ರೂ ಇಂಟರ್‌ನ್ಯಾಷನಲ್ ಸ್ಕೌಟ್ (ಬ್ರಾಂಕೋ ಥರದ್ದೇ ಇನ್ನೊಂದು ಹಳೇ ಅಮೆರಿಕನ್ ಗಾಡಿ) ನೋಡೋಕೆ ಹೋದ್ರೆ ಲೈನ್ ಸೆಟ್ಟಿಂಗ್ ಟಿಕೆಟ್ ಕೇಳಿ, ಆ ಗಾಡಿಗೆ ಹಾಕಿದ ಸಾಮಾನಿನ ಕೋಡ್ ಎಲ್ಲಾ ಅದರಲ್ಲಿರತ್ತೆ.

ಪ್ರಶ್ನೆ: ಕೊವೆಂಟ್ರಿಯಲ್ಲಿ ಹಳೇ ಲ್ಯಾಂಡ್ ರೋವರ್ ಕೊಂಡೆ, ನಂಬರ್ ಪ್ಲೇಟ್ ಆಮೇಲೆ ಕೊಟ್ಟಿದ್ದಂತೆ. ಮೊದಲಿನ ನಂಬರ್, ಮಾಲೀಕರು ಯಾರು ಅಂತ ಹುಡುಕಬಹುದಾ? (ಬ್ರಿಟನ್‌ನಲ್ಲಿರೋ ಮೈಸೂರಿನ ಓದುಗರು)

ಉತ್ತರ: ಗೇಡನ್ ನಿಮಗೆ ಹತ್ತಿರದಲ್ಲೇ ಇದೆ, ಸರ್ಟಿಫಿಕೇಟ್ ಅಲ್ಲಿಂದ ಮಾಡಿಸಿ. ಹಳೇ ಕಾಲದಲ್ಲಿ ಅಲ್ಲಿ ಕೌಂಟಿ ಕೌನ್ಸಿಲ್‌ಗಳು ರಿಜಿಸ್ಟರ್ ಇಡ್ತಿದ್ವು, ಉಳಿದಿರೋ ಹಳೇ ರಿಜಿಸ್ಟ್ರೇಷನ್ ದಾಖಲೆಗಳಿಗೆ ಕಿಟ್‌ಹೆಡ್ ಟ್ರಸ್ಟನ್ನ (ಈಗ ಅದರ ಹೆಸರು ದಿ ಬಸ್ ಆರ್ಕೈವ್), ಆಯಾ ಕೌಂಟಿ ದಾಖಲೆ ಕಚೇರಿನ ಕೇಳಿ. ಹಿಂದಿನ ಮಾಲೀಕರ ವಿವರಕ್ಕೆ ಡಿವಿಎಲ್‌ಎಗೆ (ಅಲ್ಲಿನ ವಾಹನ ನೋಂದಣಿ ಇಲಾಖೆ) ವಿ888 ಅರ್ಜಿ, ಸರಿಯಾದ ಕಾರಣ ಬರೀಬೇಕು. ಹಳೇ ನಂಬರ್ ವಾಪಸ್ ಪಡೆಯೋಕೆ ವಿ765, ಅದಕ್ಕೆ ಚಾಸಿಸ್‌ಗೂ ಆ ನಂಬರಿಗೂ ನಂಟು ತೋರಿಸೋ ಹಳೇ ಕಾಗದ ಬೇಕೇ ಬೇಕು.

ಪ್ರಶ್ನೆ: ಐವತ್ತು ವರ್ಷ ದಾಟಿದ ಗಾಡಿಗೆ ವಿಂಟೇಜ್ ನಂಬರ್ ಮಾಡಸ್ಬೇಕ್ರಿ. ಇಂಪೋರ್ಟ್ ಕಾಗದ ಬೇಕಾಕ್ಕತೇನು? (ಹುಬ್ಬಳ್ಳಿಯ ಓದುಗರು)

ಉತ್ತರ: 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಫಾರ್ಮ್ 20 (ರಿಜಿಸ್ಟ್ರೇಷನ್ ಅರ್ಜಿ) ಜೊತೆ ಇನ್ಶೂರೆನ್ಸ್ ಬೇಕು, ಹೊರದೇಶದಿಂದ ತರಿಸಿದ ಗಾಡಿಗೆ ಬಿಲ್ ಆಫ್ ಎಂಟ್ರಿ, ಇಲ್ಲೇ ಮೊದಲು ರಿಜಿಸ್ಟರ್ ಆಗಿದ್ರೆ ಹಳೇ ಆರ್‌ಸಿ. ನಿಮ್ಮ ಗಾಡಿಗೆ ಈಗಾಗ್ಲೇ ಆರ್‌ಸಿ ಇದ್ರೆ ಹಳೇ ನಂಬರನ್ನೇ ಉಳಿಸ್ಕೋಬಹುದು, ನಾನಾದ್ರೆ ಅದನ್ನೇ ಮಾಡ್ತೀನಿ. ಹೊಸದಾಗಿ ವಿಎ ಸರಣಿಯ ನಂಬರಿಗೆ ಫೀ 20,000 ರೂಪಾಯಿ, ಹತ್ತು ವರ್ಷಕ್ಕೆ. ಒಂದು ವಿಷಯ ಯೋಚನೆ ಮಾಡಿ ಮುಂದುವರೀರಿ, ವಿಂಟೇಜ್ ಅಂತ ಆದ ಮೇಲೆ ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸೋದು ಇಂಥದ್ದಕ್ಕೆ ಬಿಟ್ಟು ದಿನಾ ರಸ್ತೆಗೆ ತರೋ ಹಾಗಿಲ್ಲ, ಹೊಲಕ್ಕೆ, ಸಂತೆಗೆ ಓಡಿಸ್ತಿರೋ ಜೀಪಾದ್ರೆ ಮಾಮೂಲಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸೋದೇ ಒಳ್ಳೇದು.