ಜಪಾನಿನ ಅನಿಮೆ (ಕಾರ್ಟೂನ್) ಸರಣಿ 'ಕೀ ದಿ ಮೆಟಲ್ ಐಡಲ್' ಐದನೇ ಕಂತಿಗೇ ಬೇಸರ ತರಿಸಿದೆ, ಮುಂದೆ ನೋಡಬಹುದಾ?

ಖಂಡಿತ ನೋಡಿ. ಆದರೆ ಐದೂ ಕಂತುಗಳನ್ನು ಒಂದೇ ರಾತ್ರಿ, ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿದೆ ಅಂತ ಬರೆದಿದ್ದೀರಲ್ಲ, ಅದನ್ನು ಮೊದಲು ಬಿಡಿ. ತಾನು ರೋಬೋ ಎಂದೇ ನಂಬಿರುವ ನಾಯಕಿ ಕೀ ಮಾತಾಡುವುದೇ ಕಮ್ಮಿ, ಮಾತಿನಲ್ಲಿ ಏರಿಳಿತವೂ ಇಲ್ಲ. ಯಾರೋ ಏನೋ ಕೇಳಿದ ಮೇಲೆ ಅವಳು ಬಾಯಿ ಬಿಡುವವರೆಗಿನ ಮೌನದಲ್ಲೇ 'ಇವಳು ನಿಜಕ್ಕೂ ರೋಬೋನಾ?' ಎಂಬ ಅನುಮಾನ ಬೆಳೆಯುವುದು. ವೇಗ ಹೆಚ್ಚಿಸಿದರೆ ಆ ಮೌನ ಹೋಗಿ, ಬರೀ ಮಂಕು ಹುಡುಗಿಯೊಬ್ಬಳು ಉಳಿಯುತ್ತಾಳೆ.

ಸಾಯುವ ಮುನ್ನ ಕೀಗೆ ಅವಳ ಅಜ್ಜ ಹೇಳಿಹೋದದ್ದು ನಿಮಗೆ ಗೊತ್ತೇ ಇದೆ: 30,000 ಗೆಳೆಯರು ಸಿಕ್ಕರೆ ನೀನು ಮನುಷ್ಯಳಾಗುತ್ತೀಯ. ಕೇಳಿದರೆ ಮಕ್ಕಳ ಕಥೆ. ಆದರೆ ಟೋಕಿಯೋಗೆ ಬಂದಿಳಿದ ಕೀಗೆ ಮೊದಲು ಗಂಟುಬೀಳುವುದು ಅಶ್ಲೀಲ ವಿಡಿಯೋ ದಂಧೆಯವರು. ಅಷ್ಟೊಂದು ಜನರ ಮನಸ್ಸನ್ನು ಒಟ್ಟಿಗೆ ಸೆಳೆಯುವುದು ಯಾರಿಂದ ಸಾಧ್ಯ? ಗಾಯಕಿಯರಿಂದ, ಧರ್ಮಗುರುಗಳಿಂದ. ಸರಣಿ ಈ ಎರಡೂ ಬಾಗಿಲು ತಟ್ಟುತ್ತದೆ. ನಿಮಗೆ ಸಂಬಂಧವಿಲ್ಲದ್ದು ಅನ್ನಿಸಿದ ಜನಪ್ರಿಯ ಗಾಯಕಿ ಮಿಹೋಳ ಸಂಗೀತ ಕಾರ್ಯಕ್ರಮದ ದೃಶ್ಯಗಳೇ ಕಥೆಯ ನಡುಗಂಬ. ವೇದಿಕೆಗಿಂತ ಅದರ ಹಿಂದೆ ನಡೆಯುವುದರ ಮೇಲೆ ಕಣ್ಣಿಡಿ.

ಇನ್ನು ಲೆಕ್ಕಾಚಾರ. ಒಟ್ಟು 15 ಕಂತು, 1994ರ ಕೊನೆಯಿಂದ 1997ರವರೆಗೆ ಬಂದದ್ದು. ಟಿವಿಗಲ್ಲ, ನೇರವಾಗಿ ವಿಡಿಯೋ ಮಾರಾಟಕ್ಕೆ ಮಾಡಿದ್ದರಿಂದ ಕಂತಿನ ಉದ್ದಕ್ಕೆ ಕಟ್ಟುಪಾಡಿರಲಿಲ್ಲ. ಮೊದಲ 13 ಸುಮಾರು ಅರ್ಧರ್ಧ ಗಂಟೆಯವು. ಕೊನೆಯ ಎರಡು ಒಂದೊಂದೂ ಒಂದೂವರೆ ಗಂಟೆ ಮೀರುತ್ತವೆ. ದಿನಕ್ಕೆ ಎರಡು ಸಾಕು.

ಜನ ಹೆಚ್ಚಾಗಿ ಕೈಬಿಡುವುದು 14ರಲ್ಲಿ. 13 ಮುಗಿಸಿದ ಬಿಸಿಯಲ್ಲೇ ಹೊಡೆದಾಟ ಬರುತ್ತದೆಂದು ಕೂತರೆ ಅಲ್ಲಿರುವುದು ಮಾತು, ಮಾತು, ಇನ್ನಷ್ಟು ಮಾತು: ಅಜ್ಜನ ಹಳೆಯ ಸಂಶೋಧನೆ, ಖಳನಾಯಕ ಅಜೋನ ಕಂಪನಿ, ಕೀಯ ಹುಟ್ಟು, ಎಲ್ಲವನ್ನೂ ಕೂರಿಸಿಕೊಂಡು ಹೇಳುತ್ತಾರೆ. ಇದು ನಿರ್ದೇಶಕ ಹಿರೋಆಕಿ ಸಾಟೋ ಅವರ ದೌರ್ಬಲ್ಯವೇ ಸರಿ. ಇದರಲ್ಲಿ ಅರ್ಧವನ್ನಾದರೂ ಹಿಂದಿನ ಕಂತುಗಳಿಗೆ ಹಂಚಬಹುದಿತ್ತು. 14ನೇ ಕಂತನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಮಧ್ಯೆ ಒಮ್ಮೆ ನಿಲ್ಲಿಸಿ. ಅಜ್ಜ ಮುರಾವೋ ಮಿಮಾ, ಜಿನ್ಸಾಕು ಅಜೋ, ಅಜ್ಜನ ಸಹಾಯಕ ವಾಕಾಗಿ, ಈ ಮೂವರಲ್ಲಿ ಯಾರು ಯಾರ ಕಡೆ ಅನ್ನುವುದು ತಲೆಯಲ್ಲಿದ್ದರೆ ದಾರಿ ತಪ್ಪುವುದಿಲ್ಲ. ಹಾರಿಸಿ 15ಕ್ಕೆ ಹೋದರೆ ಮಾತ್ರ ಕೊನೆಯ ಹಾಡು ಬರೀ ಹಾಡಾಗಿ ಕೇಳುತ್ತದೆ.

ಧ್ವನಿ ಜಪಾನಿಯಲ್ಲೇ ಇರಲಿ, ಸಬ್‌ಟೈಟಲ್ ಹಾಕಿಕೊಳ್ಳಿ. ಕೀಗೆ ದನಿ ಕೊಟ್ಟಿರುವ ಜುಂಕೋ ಇವಾವೋ ಅವರ ಚಪ್ಪಟೆ ಸ್ವರ ಎಲ್ಲಿ ಮುರಿಯುತ್ತದೆ ಅನ್ನುವುದನ್ನು ಕೇಳಬೇಕು. (ಇವರೇ 'ಪರ್ಫೆಕ್ಟ್ ಬ್ಲೂ' ಚಿತ್ರದ ನಾಯಕಿಯ ದನಿ, ಅಲ್ಲಿಯೂ ನಾಯಕಿ ಗಾಯಕಿಯೇ, ಹೆಸರು ಮಿಮಾ!) ಚಿತ್ರದ ಅಳತೆ 4:3, ಪಕ್ಕದ ಕಪ್ಪು ಪಟ್ಟಿ ತುಂಬಿಸಲು ಟಿವಿಯಲ್ಲಿ ಜೂಮ್ ಮಾಡಿದರೆ ಮೇಲೂ ಕೆಳಗೂ ಕತ್ತರಿಸಿ ಸಬ್‌ಟೈಟಲ್ಲೂ ಹೋಗಬಹುದು. ರಕ್ತಪಾತ, ನಗ್ನತೆ ಎರಡೂ ಇವೆ, ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಹಾಕಿ.